ಹಾಲಿಗೆ ಹಾಕಬೇಡಿ ಮೇಷ್ಟ್ರೇ, ತಕ್ಕಡಿಗೆ ಹಾಕಿ

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ಜಗತ್ತಿನ ಅಪರೂಪದ ರತ್ನಗಳ ಬಗ್ಗೆ ಬರೆದಿದ್ದೀರಿ. ಪೇನೈಟ್, ಟಾಫೈಟ್ ಕಟ್ಟಿಕೊಂಡು ನಮಗೇನಾಗಬೇಕು? ನಮ್ಮ ಅಜ್ಜಿಯ ಉಂಗುರದಲ್ಲಿ ಎರಡು ಕ್ಯಾರೆಟ್‌ನಷ್ಟು ಕೆಂಪು ಕಲ್ಲಿದೆ. ದಾಳಿಂಬೆ ಬೀಜದ ಬಣ್ಣ. ಹಾಲಿಗೆ ಹಾಕಿದರೆ ಹಾಲು ಕೆಂಪಾಗಿ ಕಾಣುತ್ತದೆ. ಸುಮಾರು 80 ವರ್ಷದ ಒಡವೆ. ಆಗೆಲ್ಲ ನಕಲಿ ಎಲ್ಲಿತ್ತು? ಇದು ಅಸಲಿ ಮಾಣಿಕ್ಯವೇ ತಾನೇ?” – ನಿವೃತ್ತ ವಿಜ್ಞಾನ ಶಿಕ್ಷಕರು, ಹೊಳೆನರಸೀಪುರ

ಸಂಪಾದಕರ ಉತ್ತರ:

ಮೇಷ್ಟ್ರೇ, ತರಗತಿಯಲ್ಲಿ ಆರ್ಕಿಮಿಡೀಸನ ತತ್ವ ಹೇಳಿಕೊಟ್ಟ ನೀವೇ ಹಾಲಿನ ಲೋಟ ಹಿಡಿದು ಕೂತರೆ ಉಳಿದವರ ಗತಿಯೇನು? ಬೆಳಕು ಹಾಯುವ ಕೆಂಪು ವಸ್ತು ಯಾವುದನ್ನೇ ಹಾಲಿಗೆ ಹಾಕಿ, ಸುತ್ತ ಕೆಂಪು ಛಾಯೆ ಬಂದೇ ಬರುತ್ತದೆ. ಒಡೆದ ಕೆಂಪು ಬಳೆಯ ಚೂರು ಹಾಕಿ ನೋಡಿ, ಅದೂ ಮಾಣಿಕ್ಯವೆಂದೇ ಸಾಬೀತಾಗುತ್ತದೆ.

ಪಳಗಿದ ಅಕ್ಕಸಾಲಿಯ ಕಣ್ಣಿಗೆ ಬೆಲೆಯಿಲ್ಲ ಎನ್ನುತ್ತಿಲ್ಲ. ಆದರೆ ಬರೀ ಬಣ್ಣ ನಂಬಿ ರಾಜಮಹಾರಾಜರೇ ಮೋಸಹೋಗಿದ್ದಾರೆ. ಬ್ರಿಟಿಷ್ ಕಿರೀಟದ ಮುಂಭಾಗದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸನ ಮಾಣಿಕ್ಯ’ ಮಾಣಿಕ್ಯವೇ ಅಲ್ಲ, ಸ್ಪಿನೆಲ್ ಎಂಬ ಬೇರೆಯೇ ಖನಿಜ. 352.5 ಕ್ಯಾರೆಟ್‌ನ ‘ತೈಮೂರ್ ಮಾಣಿಕ್ಯ’ವೂ ಸ್ಪಿನೆಲ್ಲೇ. ಮಾಣಿಕ್ಯ, ಕೆಂಪು ಸ್ಪಿನೆಲ್ ಎರಡಕ್ಕೂ ಬಣ್ಣ ಬರುವುದು ಕ್ರೋಮಿಯಂನಿಂದ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ತಕ್ಕಡಿಗೆ ತಿಳಿಯುತ್ತದೆ.

ಹಾಗಾಗಿ ಕಲ್ಲನ್ನು ಉಂಗುರದಿಂದ ಬಿಡಿಸಿ ತೂಗಿಸಿ. 0.001 ಗ್ರಾಂ ತೋರಿಸುವ ತಕ್ಕಡಿಯೇ ಬೇಕು, ಅಡುಗೆಮನೆಯದು ನಡೆಯದು. ಎರಡು ಕ್ಯಾರೆಟ್ ಎಂದರೆ 0.400 ಗ್ರಾಂ. ಒಣಕಲ್ಲಿನ ತೂಕ ಬರೆದುಕೊಳ್ಳಿ. ಆಮೇಲೆ ಹಗುರವಾದ ಪ್ಲಾಸ್ಟಿಕ್ ಬಟ್ಟಲಲ್ಲಿ ನೀರಿಟ್ಟು, ತಕ್ಕಡಿಯನ್ನು ಸೊನ್ನೆಗೆ ತನ್ನಿ. ಗಾಜಿನ ಲೋಟ ಬೇಡ, ಈ ಪುಟ್ಟ ತಕ್ಕಡಿಗಳು ಅಷ್ಟು ಭಾರ ತಡೆಯುವುದಿಲ್ಲ. ಕಲ್ಲನ್ನು ತೆಳ್ಳನೆಯ ನೈಲಾನ್ ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ಕಾಣುವ ಅಂಕಿ ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಅದು 0.100 ಬಂದರೆ 0.400 ಅನ್ನು ಅದರಿಂದ ಭಾಗಿಸಿ: 4.0. ಮಾಣಿಕ್ಯದ ಸಾಂದ್ರತೆ ಅದೇ. 0.111 ಬಂದರೆ 3.6, ಅಂದರೆ ಸ್ಪಿನೆಲ್. ಸಾಧಾರಣ ಗಾಜು 2.5ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಎರಡೇ ದಶಾಂಶದ ತಕ್ಕಡಿಯಲ್ಲಿ ಇದೇ ಲೆಕ್ಕ 3.6ರಿಂದ 4.4ರವರೆಗೆ ಎಲ್ಲಿ ಬೇಕಾದರೂ ಬರಬಹುದು.

ಲೆಕ್ಕ ಕೆಡುವುದು ಸಾಮಾನ್ಯವಾಗಿ ಗಾಳಿಗುಳ್ಳೆಯಿಂದ. ಕಲ್ಲಿಗೆ ಒಂದು ಗುಳ್ಳೆ ಅಂಟಿದ್ದರೂ ಗಾತ್ರ ಹೆಚ್ಚಾಗಿ, ಸಾಂದ್ರತೆ ಕಡಿಮೆ ಬರುತ್ತದೆ. ಕುದಿಸಿ ಆರಿಸಿದ ನೀರು ಬಳಸಿ, ಪಾತ್ರೆ ತೊಳೆಯುವ ದ್ರವ ಒಂದು ಹನಿ ಬಿಡಿ, ಫ್ಯಾನ್ ಆರಿಸಿ. ಮೂರು ಸಲ ತೂಗಿ ಸರಾಸರಿ ತೆಗೆಯಿರಿ.

ಕಲ್ಲಿನ ಹಿಂಬದಿ ಮುಚ್ಚಿರುವ ಹಳೇ ಕೆಂಪಿನ ಓಲೆ, ಅಡ್ಡಿಕೆಗಳನ್ನು ಮಾತ್ರ ನೀರಿಗೆ ಇಳಿಸಲೇಬೇಡಿ. ಕಲ್ಲಿನಡಿ ಬಣ್ಣದ ತಗಡು, ಒಳಗೆ ಅರಗು ಇರುತ್ತದೆ. ನೀರು ಹೊಕ್ಕರೆ ತಗಡು ಮಂಕಾಗಿ, ಕಲ್ಲಿನ ಕಳೆಯೇ ಹೋಗುತ್ತದೆ.

4.0 ಬಂದಿತೆಂದು ಹಿಗ್ಗಬೇಡಿ. ಗಾರ್ನೆಟ್ ಎಂಬ ಇನ್ನೊಂದು ಜಾತಿಯ ಕೆಲವು ಕೆಂಪು ಕಲ್ಲುಗಳ ಸಾಂದ್ರತೆಯೂ ಅಷ್ಟೇ. ನೋಟು ಪರೀಕ್ಷಿಸುವ ನೇರಳಾತೀತ ದೀಪವನ್ನು ಕತ್ತಲಲ್ಲಿ ಹಿಡಿಯಿರಿ: ಗಾರ್ನೆಟ್ ಸುಮ್ಮನಿರುತ್ತದೆ, ಮಾಣಿಕ್ಯ ಸಾಮಾನ್ಯವಾಗಿ ಕೆಂಡದ ಕೆಂಪು ಬೀರುತ್ತದೆ. ಕಬ್ಬಿಣದಂಶ ಹೆಚ್ಚಿರುವ ಮಾಣಿಕ್ಯ ಮಂದವಾಗಬಹುದು, ಆದ್ದರಿಂದ ಹೊಳೆಯಲಿಲ್ಲವೆಂದು ತಕ್ಷಣ ಎಸೆಯಬೇಡಿ.

ಇನ್ನು ‘ಆಗೆಲ್ಲ ನಕಲಿ ಎಲ್ಲಿತ್ತು’ ಎಂದಿರಲ್ಲ. ಇತ್ತು ಮೇಷ್ಟ್ರೇ, ಧಾರಾಳವಾಗಿ ಇತ್ತು. ಫ್ರಾನ್ಸಿನ ವೆರ್ನೂಯಿ 1902ರಲ್ಲೇ ಕೃತಕ ಮಾಣಿಕ್ಯದ ವಿಧಾನ ಪ್ರಕಟಿಸಿದ. ಅಲ್ಯೂಮಿನಾ ಪುಡಿಗೆ ಚೂರು ಕ್ರೋಮಿಯಂ ಆಕ್ಸೈಡ್ ಸೇರಿಸಿ, 2000 ಡಿಗ್ರಿಗೂ ಮೀರಿದ ಜ್ವಾಲೆಯಲ್ಲಿ ಕರಗಿಸಿ, ಪದರದ ಮೇಲೆ ಪದರವಾಗಿ ಬೆಳೆಸುವುದು. ಸಾಂದ್ರತೆ, ಗಡಸುತನ, ಹೊಳಪು ಎಲ್ಲ ಅಸಲಿಯದೇ. ಗುಟ್ಟು ಒಡೆಯುವುದು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪಿನಲ್ಲಿ, ಅಂದರೆ ರತ್ನ ನೋಡುವ ಪುಟ್ಟ ಭೂತಗನ್ನಡಿಯಲ್ಲಿ: ಬಾಗಿದ ಗೆರೆಗಳು, ಉರುಟು ಗುಳ್ಳೆಗಳು ಕಂಡರೆ ಕೃತಕ, ಭೂಮಿಯಲ್ಲಿ ಬೆಳೆದದ್ದರಲ್ಲಿ ಗೆರೆಗಳು ನೇರವಾಗಿದ್ದು ಕೋನ ಮಾಡಿ ಕೂಡುತ್ತವೆ, ಹಲವು ಸಲ ರೇಷ್ಮೆಯೆಳೆಯಂಥ ಸೂಜಿಗಳಿರುತ್ತವೆ.

ಟಾಫೈಟ್ ನಮಗೇಕೆ ಎಂದಿರಿ. ಇದಕ್ಕೇ ಬೇಕು. 1945ರಲ್ಲಿ ಡಬ್ಲಿನ್‌ನ ರಿಚರ್ಡ್ ಟಾಫೆ ಹಳೇ ಕಲ್ಲುಗಳ ರಾಶಿ ಹೆಕ್ಕುತ್ತಿದ್ದಾಗ ತಿಳಿನೇರಳೆಯ ಒಂದು ಕಲ್ಲು ಸಿಕ್ಕಿತು. ಬಣ್ಣ, ತೂಕ ಸ್ಪಿನೆಲ್ಲಿನದೇ. ಆದರೆ ಲೂಪಿನಲ್ಲಿ ಹಿಂಬದಿಯ ಅಂಚುಗಳು ಎರಡೆರಡಾಗಿ ಕಂಡವು, ಸ್ಪಿನೆಲ್‌ನಲ್ಲಿ ಹಾಗೆ ಕಾಣುವಂತಿಲ್ಲ. ಲಂಡನ್ನಿನ ಪ್ರಯೋಗಾಲಯಕ್ಕೆ ಕಳಿಸಿದ, ಹೊಸ ಖನಿಜವೇ ಹೊರಬಿತ್ತು. ಕತ್ತರಿಸಿ ಹೊಳಪಿಟ್ಟ ರತ್ನದಿಂದ ಹೊಸ ಖನಿಜ ಗುರುತಾದದ್ದು ಅದೇ ಮೊದಲು.

ನನಗಿರುವ ನೋವು ನಿಮ್ಮ ಉಂಗುರದ್ದಲ್ಲ. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯ ಬೈರಾಪುರದಲ್ಲಿ ಕ್ರೋಮಿಯಂ ಅದಿರನ್ನೇ ತೆಗೆಯುತ್ತಾ ಬಂದಿದ್ದಾರೆ. ನಿಮ್ಮ ಹೊಳೆನರಸೀಪುರದ ಸುತ್ತಲಿನ ಶಿಲೆಗಳಲ್ಲಿ ಕುರಂದವಿದೆ (ಮಾಣಿಕ್ಯವೆಂದರೆ ಈ ಖನಿಜದ ಕೆಂಪು ರೂಪವೇ), ಕಯನೈಟ್ ಎಂಬ ಖನಿಜವಿದೆ, ಗಾರ್ನೆಟ್ ಇದೆ. ಎಷ್ಟು ಶಾಲೆಗಳು ಮಕ್ಕಳ ಕೈಗೆ ಒಂದು ಚೂರು ಕೊಟ್ಟು ‘ಇದನ್ನು ತೂಗು’ ಎಂದಿವೆ? ಪ್ರಯೋಗಾಲಯದ ತಕ್ಕಡಿ ಬೀರುವಿನಲ್ಲಿ ಧೂಳು ತಿನ್ನುತ್ತದೆ, ಮಕ್ಕಳು ಸಾಂದ್ರತೆಯ ಸೂತ್ರ ಬಾಯಿಪಾಠ ಮಾಡುತ್ತಾರೆ.

ಅಂಗಡಿಯ ಕಡೆಗೂ ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಚಿನ್ನಕ್ಕೆ ಆರು ಅಕ್ಷರಾಂಕಿಗಳ ಗುರುತಿನ ಸಂಖ್ಯೆ ಕಡ್ಡಾಯ. ಆ ಗುರುತು ಚಿನ್ನದ ಶುದ್ಧತೆಗೆ ಮಾತ್ರ, ಕಲ್ಲಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಈ ಸಂದಿಯಲ್ಲೇ ಸೀಸದ ಗಾಜು ತುಂಬಿದ ಮಾಣಿಕ್ಯ ಮಾರುಕಟ್ಟೆಗೆ ನುಗ್ಗಿದೆ. ಬಿರುಕುಗಳಿಗೆ ಗಾಜು ತುಂಬಿಸಿರುತ್ತಾರೆ. ಉಂಗುರ ಸಡಿಲ ಮಾಡಿಸುವಾಗ ಅಕ್ಕಸಾಲಿಯ ಬೆಂಕಿ ತಾಗಿದರೆ, ತೊಳೆಯುವ ಆಮ್ಲ ಸೋಕಿದರೆ ಗಾಜು ಹೋಗಿ ಬಿರುಕು ಬಾಯಿಬಿಡುತ್ತದೆ. ಓರೆಮಾಡಿದಾಗ ಒಳಗೆ ನೀಲಿ ಮಿಂಚು ಕಂಡರೆ ಅನುಮಾನಿಸಿ.

ಬಿಲ್ಲಿನಲ್ಲಿ ಕಲ್ಲಿನ ಹೆಸರು, ನೈಸರ್ಗಿಕವೋ ಕೃತಕವೋ, ಕಾಯಿಸಿದ್ದೋ ಗಾಜು ತುಂಬಿದ್ದೋ, ಕ್ಯಾರೆಟ್ ತೂಕ ಚಿನ್ನದಿಂದ ಬೇರೆಯಾಗಿ, ಇಷ್ಟನ್ನೂ ಬರೆಸಿಕೊಳ್ಳಿ. ‘ನಮ್ಮಲ್ಲಿ ಹಾಗೆ ಬರೆದುಕೊಡುವ ಪದ್ಧತಿಯಿಲ್ಲ’ ಎಂದರೆ ಹಣ ಕೊಡದೆ ಎದ್ದು ಬನ್ನಿ.