ಕೊಡಗಿನ ಬೆಟ್ಟದೂರುಗಳಲ್ಲಿ ನಾಲ್ಕು ದಿನದ ಚಾರಣ

ಪ್ರಶ್ನೆ: ನಾವು ಹುಬ್ಬಳ್ಳಿಯ ಆರು ಮಂದಿ ಶಿಕ್ಷಕರು. ಮಾರ್ಗದರ್ಶಕರೊಬ್ಬರ ಜೊತೆ ಕೊಡಗಿನಲ್ಲಿ ನಾಲ್ಕು ದಿನ ಚಾರಣ ಮಾಡಿ, ರಾತ್ರಿ ಕಾಡಿನಲ್ಲೇ ಡೇರೆ ಹಾಕಿ ತಂಗಬೇಕೆಂಬ ಆಸೆ. ಯಾವ ತಿಂಗಳು ಒಳ್ಳೆಯದು? ಮಾರ್ಗದರ್ಶಕರನ್ನು ಆರಿಸುವಾಗ ಏನೇನು ವಿಚಾರಿಸಬೇಕು?

ಉತ್ತರ: ಡೇರೆಯ ಆಸೆಯನ್ನು ದಯವಿಟ್ಟು ಬಿಟ್ಟುಬಿಡಿ. ಕೊಡಗಿನ ಎತ್ತರದ ಬೆಟ್ಟಗಳು ಬಹುಪಾಲು ಮೀಸಲು ಅರಣ್ಯದಲ್ಲೋ ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳಲ್ಲೋ ಇವೆ; ಅಲ್ಲಿ ಹಗಲು ಹೊತ್ತು ನಡೆಯುವುದಕ್ಕೇ ಅರಣ್ಯ ಇಲಾಖೆಯ ಅನುಮತಿ ಬೇಕು. 2024ರ ಜನವರಿಯಲ್ಲಿ ಪುಷ್ಪಗಿರಿ ವನ್ಯಧಾಮದ ಕುಮಾರಪರ್ವತಕ್ಕೆ ಒಮ್ಮೆಗೇ ಭಾರಿ ಸಂಖ್ಯೆಯ ಜನ ನುಗ್ಗಿದ ಬಳಿಕ ಸರ್ಕಾರವು ಚಾರಣಗಳನ್ನು ಕೆಲಕಾಲ ತಡೆಹಿಡಿದು, ಆನ್‌ಲೈನ್ ಮುಂಗಡ ನೋಂದಣಿಯನ್ನೂ ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿಯನ್ನೂ ತಂದಿತು. ಆದ್ದರಿಂದ ಊರಿನ ಮನೆಯೊಂದರಲ್ಲಿ ತಂಗಿ, ಬೆಳಿಗ್ಗೆ ಹೊರಟು ಸಂಜೆಗೆ ಮರಳುವಂತೆ ನಡಿಗೆಯನ್ನು ಹೊಂದಿಸಿಕೊಳ್ಳುವುದೇ ಇಲ್ಲಿನ ಕ್ರಮ. ಇದರಿಂದ ನಿಮಗೆ ನಷ್ಟವೇನೂ ಇಲ್ಲವೆಂದೇ ನನ್ನ ನಂಬಿಕೆ, ಏಕೆಂದರೆ ಕೊಡಗಿನ ಕಾಡು ಊರಿನಿಂದ ಬೇರೆಯಾಗಿ ನಿಂತ ಕಾಡಲ್ಲ.

ಮೊದಲ ಬಾರಿಗೆ ಬರುವವರಿಗೆ ಕಕ್ಕಬ್ಬೆ ಎಂಬ ಊರೇ ತಕ್ಕ ನೆಲೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಬಳಿಯಿಂದ, 1,748 ಮೀಟರ್ ಎತ್ತರದ ತಡಿಯಂಡಮೋಳಿಗೆ ದಾರಿ ಏರುತ್ತದೆ: ಮೊದಲು ಕಾಫಿ ತೋಟ, ಆಮೇಲೆ ಕಾಡು, ಕಾಡು ಮುಗಿದ ಮೇಲೆ ಬಯಲು ಹುಲ್ಲುಗಾವಲು, ಕೊನೆಗೆ ಉಸಿರು ಹಿಡಿಯುವ ಕಡಿದಾದ ಏರು. ತುದಿಯಲ್ಲಿ ನೀರಿಲ್ಲ, ಬೇಕಾದಷ್ಟನ್ನು ಕೆಳಗಿನಿಂದಲೇ ಹೊತ್ತುಕೊಳ್ಳಬೇಕು. ಆ ಏರಿಗೆ ಒಂದು ಇಡೀ ದಿನವನ್ನು ಮೀಸಲಿಡಿ. ಉಳಿದ ದಿನಗಳಲ್ಲಿ ಪಾಡಿ ಇಗ್ಗುತ್ತಪ್ಪ ದೇವಸ್ಥಾನ, ಚೇಲಾವರ ಜಲಪಾತ, ಗದ್ದೆಯಂಚಿನ ದಾರಿಗಳು ಸಾಕಷ್ಟಿವೆ. ನಡುವೆ ದೇವರಕಾಡುಗಳು ಸಿಗುತ್ತವೆ. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚಿರುವ ಇವುಗಳಲ್ಲಿ ಮರ ಕಡಿಯುವುದೂ ಬೇಟೆಯಾಡುವುದೂ ನಿಷಿದ್ಧ. ಒಳಗೆ ಹೋಗಬಹುದೇ, ಚಪ್ಪಲಿ ಬಿಡಬೇಕೇ ಎಂಬುದನ್ನು ಆಯಾ ಊರಿನವರನ್ನು ಕೇಳಿಯೇ ಮುಂದುವರಿಯಿರಿ.

ಕಾಲದ ಮಾತಿಗೆ ಬಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು ಸುತ್ತಮುತ್ತ ಗುಡ್ಡಗಳು ಕುಸಿದು ಮನೆಗಳನ್ನೂ ದಾರಿಗಳನ್ನೂ ಕೊಚ್ಚಿಕೊಂಡು ಹೋದುದನ್ನು ಕಂಡವರು ಮಳೆಗಾಲದ ಚಾರಣವನ್ನು ಸಾಹಸವೆಂದು ಕರೆಯಲಾರರು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ದಾರಿಗಳನ್ನು ಮುಚ್ಚುವುದುಂಟು. ನವೆಂಬರ್‌ನಿಂದ ಜನವರಿಯವರೆಗಿನ ದಿನಗಳು ಹಿತಕರ. ಆದರೆ ಆಗಲೇ ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿ, ಭತ್ತದ ಕೊಯ್ಲು, ಕಾಫಿ ಕೊಯ್ಲು ಎಲ್ಲವೂ ಒಟ್ಟಿಗೆ ಬಂದು ಮನೆಯವರಿಗೆ ಬಿಡುವಿರುವುದಿಲ್ಲ. ಹುತ್ತರಿಯ ವಾರದಲ್ಲಿ, ಮನೆಯವರೇ ಕರೆದರೆ ಮಾತ್ರ ಹೋಗಿ.

ಮಾರ್ಗದರ್ಶಕರನ್ನು ಆರಿಸುವಾಗ ನಾನು ಶುಲ್ಕಕ್ಕಿಂತ ಮೊದಲು ಕೇಳುವುದು, ಅವರು ಯಾವ ಊರಿನವರು, ಈ ದಾರಿಯನ್ನು ಕಳೆದ ಮಳೆಯ ನಂತರ ನಡೆದಿದ್ದಾರೆಯೇ ಎಂದು. ಅನುಮತಿ ನಿಮ್ಮ ತಂಡದ ಹೆಸರಿನಲ್ಲಿದೆಯೇ ಎಂಬುದನ್ನು ಪತ್ರ ನೋಡಿಯೇ ಖಚಿತಪಡಿಸಿಕೊಳ್ಳಿ. ಕಾಲುದಾರಿಗಳು ಎಷ್ಟೋ ಕಡೆ ಖಾಸಗಿ ತೋಟಗಳ ಮೂಲಕ ಹಾದುಹೋಗುವುದರಿಂದ ಮಾಲೀಕರ ಒಪ್ಪಿಗೆ ಪಡೆದಿದ್ದಾರೆಯೇ ಎಂದೂ ವಿಚಾರಿಸಿ. ಯಾರಿಗಾದರೂ ಕಾಲು ಉಳುಕಿದರೆ ಯಾವ ದಾರಿಯಿಂದ ಜೀಪಿನವರೆಗೆ ಇಳಿಸುತ್ತೀರಿ ಎಂಬ ಪ್ರಶ್ನೆಗೆ ತಡವರಿಸುವವರ ಜೊತೆ ಹೋಗಬೇಡಿ, ಏಕೆಂದರೆ ಮೊಬೈಲ್ ಸಿಗ್ನಲ್ ಅನೇಕ ಕಡೆ ಸಿಗುವುದಿಲ್ಲ.

ಪ್ರಶ್ನೆ: ಆನೆಗಳ ಭಯ ಎಷ್ಟರ ಮಟ್ಟಿಗೆ ನಿಜ? ಜಿಗಣೆಗೆ ಏನು ಮಾಡಬೇಕು?

ಉತ್ತರ: ಆನೆಯ ಭಯ ಪೂರ್ತಿ ನಿಜ. ಅವು ಕಾಡಿನಲ್ಲಷ್ಟೇ ಅಲ್ಲ, ಕಾಫಿ ತೋಟಗಳಲ್ಲೂ ಹಗಲು ಕಳೆಯುತ್ತವೆ; ತೋಟದ ಕಾರ್ಮಿಕರು ಅವುಗಳ ದಾಳಿಗೆ ಜೀವ ತೆತ್ತಿದ್ದಾರೆ. ಬೆಳಕು ಹರಿಯುವ ಮುನ್ನ, ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ನಡೆಯಬೇಡಿ. ಮಾರ್ಗದರ್ಶಕರು ನಿಲ್ಲಿ ಎಂದರೆ ಕಾರಣ ಕೇಳದೆ ನಿಲ್ಲಿ, ಹಿಂದಿರುಗಿ ಎಂದರೆ ತುದಿ ಕಣ್ಣೆದುರಿಗಿದ್ದರೂ ಹಿಂದಿರುಗಿ. ಜಿಗಣೆ ಕಚ್ಚಿದರೆ ಅಪಾಯವಿಲ್ಲ, ರಕ್ತ ಸ್ವಲ್ಪ ಹೊತ್ತು ಸೋರುತ್ತದೆ ಅಷ್ಟೆ. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟಿನ ತುದಿಯನ್ನು ಸಿಕ್ಕಿಸಿಕೊಳ್ಳಿ, ಒಂದಿಷ್ಟು ಉಪ್ಪನ್ನು ಜೇಬಿನಲ್ಲಿಟ್ಟುಕೊಳ್ಳಿ.