ಬಿಡಿಗಾಸಿಗೊಂದು ಖಾತೆ

ಮನೆಯ ದುಡ್ಡುಕಾಸಿನ ಸಲಹೆ ಕೊಡುವ ನನ್ನ ಹತ್ತಿರ ಟೀಚರ್ ಮೊದಲ ಸಲ ಬಂದಾಗ ಹೇಳಿಕೊಂಡ ತೊಂದರೆ ನಿದ್ದೆಯದು. ರಾತ್ರಿ ಎರಡೂವರೆಗೆ ಎಚ್ಚರವಾಗುತ್ತದೆ, ಆಮೇಲೆ ತಲೆಯಲ್ಲಿ ಲೆಕ್ಕ ಶುರುವಾಗುತ್ತದೆ ಅಂದರು. ಯಾವ ಲೆಕ್ಕ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ಷೇರಿನ ಲೆಕ್ಕ" ಅಂದರು.

ಇದು 2024ರ ನವೆಂಬರ್ ಮಾತು. ಅವರಿಗೆ 46 ವರ್ಷ. ಮಂಡ್ಯದ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾರೆ. ಶನಿವಾರ ಶಾಲೆ ಬಿಟ್ಟ ಮೇಲೆ ರೈಲು ಹತ್ತಿ ಮೈಸೂರಿಗೆ, ಕುವೆಂಪುನಗರದ ನನ್ನ ಕೋಣೆಗೆ ಬರುತ್ತಿದ್ದರು. ಮಂಡ್ಯದಲ್ಲೇ ಯಾರನ್ನಾದರೂ ಕಾಣಬಹುದಿತ್ತು. ಆದರೆ ಅಲ್ಲಿ ಯಾರ ಮನೆಗೆ ಹೋದರೂ ಅವರ ಒಬ್ಬ ಹಳೇ ವಿದ್ಯಾರ್ಥಿ ಇರುತ್ತಾನೆ. ಗುರುತು ಸಿಗುವ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಬರೆಯಲು ಅವರು ಒಪ್ಪಿಗೆ ಕೊಟ್ಟಿದ್ದಾರೆ.

ಅವರ ಅಪ್ಪ ಮೈಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಸಂಬಳದಲ್ಲಿ ಉಳಿಸಿ ಷೇರು ಕೊಳ್ಳುತ್ತಿದ್ದರು. 2021ರಲ್ಲಿ ತೀರಿಕೊಂಡರು. ಉಯಿಲಿನಲ್ಲಿ ಮನೆ ಮಗನಿಗೆ, ಷೇರು ಮಗಳಿಗೆ. ಐದು ಕಂಪನಿಗಳ ಷೇರು, ಒಟ್ಟು ಬೆಲೆ ಸುಮಾರು 24 ಲಕ್ಷ. ವರ್ಷಕ್ಕೆ ಹೆಚ್ಚುಕಡಿಮೆ 60,000 ರೂಪಾಯಿ ಡಿವಿಡೆಂಡ್, ಅಂದರೆ ಕಂಪನಿಗಳು ಷೇರುದಾರರಿಗೆ ಹಂಚುವ ಲಾಭದ ಪಾಲು, ಬರುತ್ತದೆ.

"ಆ 60,000 ಎಲ್ಲಿಗೆ ಹೋಗುತ್ತೆ?" ಅಂದೆ. ಅವರ ಕಣ್ಣು ತುಂಬಿತು. ಗೊತ್ತಿಲ್ಲ ಅಂದರು.

ಮುಂದಿನ ಸಲ ಪಾಸ್‌ಬುಕ್ ತರಲು ಹೇಳಿದೆ. ಇಬ್ಬರೂ ಪೆನ್ಸಿಲ್ ಹಿಡಿದು ಕೂತೆವು. ಡಿವಿಡೆಂಡ್ ಬೀಳುತ್ತಿದ್ದದ್ದು ಸಂಬಳ ಬೀಳುವ ಖಾತೆಗೇ. ಆಗಸ್ಟ್ ತಿಂಗಳಲ್ಲಿ 4,320 ಬಂದಿದೆ. ಮೂರನೇ ದಿನ 2,000 ತೆಗೆದಿದ್ದಾರೆ, ಗಂಡನ ಕಡೆಯವರ ಗೃಹಪ್ರವೇಶಕ್ಕೆ ಮುಯ್ಯಿ. ಅದರ ಮರುದಿನ 1,150, ಗ್ಯಾಸ್ ಮತ್ತು ಔಷಧಿ. ಆಮೇಲೆ ಬೈಕಿನ ಇನ್ಶೂರೆನ್ಸ್. ವಾರ ತುಂಬುವುದರೊಳಗೆ ಅಪ್ಪನ ದುಡ್ಡು ಮುಗಿದಿತ್ತು. ಒಂದೂ ದುಂದು ಖರ್ಚಲ್ಲ. ಆದರೆ ಅದು ಅಪ್ಪ ಬಿಟ್ಟುಹೋದ ದುಡ್ಡು ಅಂತ ಮನೆಯಲ್ಲಿ ಯಾರಿಗೂ ಅನಿಸಿಯೇ ಇರಲಿಲ್ಲ. ಗಂಡ ಅದನ್ನು ಕರೆಯುತ್ತಿದ್ದದ್ದು "ಆ ಬಿಡಿಗಾಸು" ಅಂತ.

ಅವತ್ತು ಅವರು ಚೀಲದಿಂದ ಒಂದು ಹಳೇ ಪಂಚಾಂಗವನ್ನೂ ತೆಗೆದರು. 2003ರದು. ಅಂಚಿನಲ್ಲಿ, ತಿಥಿ ನಕ್ಷತ್ರದ ಪಕ್ಕದ ಖಾಲಿ ಜಾಗದಲ್ಲಿ, ಅಪ್ಪನ ಸಣ್ಣ ಅಕ್ಷರ: "ಡಿವಿಡೆಂಡ್ 312. ಸಂಬಳದಿಂದ 200. ಷೇರು 4 ತಗೊಂಡೆ. ಈಗ 154." ಹಾಳೆ ತಿರುಗಿಸುತ್ತಾ ಹೋದೆ. ಎಲ್ಲ ಕಡೆ ಹೀಗೇ. ಷೇರಿನ ಬೆಲೆ ಎಲ್ಲೂ ಬರೆದಿಲ್ಲ. ಪ್ರತಿ ಸಾಲಿನ ಕೊನೆಯಲ್ಲಿ ಇರುವುದು ಎಣಿಕೆ ಮಾತ್ರ. ಈಗ ಇಷ್ಟು. ಆ ಪುಟವನ್ನು ನಾನು ತುಂಬ ಹೊತ್ತು ನೋಡುತ್ತಾ ಕೂತೆ. ಡಿವಿಡೆಂಡ್ ಮರುಹೂಡಿಕೆ ಅಂದರೆ ಏನು ಅಂತ ನಾನು ಎಷ್ಟೋ ಜನಕ್ಕೆ ವಿವರಿಸಿದ್ದೇನೆ. ಇಷ್ಟು ಸರಳವಾಗಿ ಒಮ್ಮೆಯೂ ಹೇಳಿರಲಿಲ್ಲ.

ಟೀಚರ್ ಗಣಿತದವರಾದ್ದರಿಂದ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿದೆ. 1,000 ಷೇರು ಇದೆ ಅಂದುಕೊಳ್ಳಿ. ಡಿವಿಡೆಂಡ್ ಷೇರಿನ ಬೆಲೆಯ ನೂರಕ್ಕೆ ಎರಡೂವರೆ. ಬಂದದ್ದನ್ನೆಲ್ಲ ಮತ್ತೆ ಅದೇ ಷೇರಿಗೆ ಹಾಕಿದರೆ ಮೊದಲ ವರ್ಷ 25 ಷೇರು ಬರುತ್ತದೆ. ಹತ್ತು ವರ್ಷಕ್ಕೆ 1,280. ಇಪ್ಪತ್ತು ವರ್ಷಕ್ಕೆ 1,638. ಇಪ್ಪತ್ತನೇ ವರ್ಷ ಒಂದರಲ್ಲೇ 40 ಷೇರು ಸೇರುತ್ತದೆ, ಜೇಬಿನಿಂದ ಒಂದು ರೂಪಾಯಿ ಹಾಕದೆ. ಬೆಲೆ ಏರಲಿ ಇಳಿಯಲಿ, ಡಿವಿಡೆಂಡಿನ ಪ್ರಮಾಣ ಅಷ್ಟೇ ಇದ್ದರೆ ಎಣಿಕೆ ಹೀಗೆ ಬೆಳೆಯುತ್ತದೆ. ಬೆಲೆ ಇಳಿದ ವರ್ಷವೂ ಡಿವಿಡೆಂಡ್ ಇಳಿಯದಿದ್ದರೆ ಇನ್ನೂ ಜಾಸ್ತಿ ಷೇರು ಸಿಗುತ್ತದೆ. ಆದರೆ ಕಂಪನಿ ಡಿವಿಡೆಂಡ್ ಕೊಡಲೇಬೇಕು ಅಂತ ಇಲ್ಲ, ನಿಲ್ಲಿಸಲೂಬಹುದು. ಇದನ್ನು ಎರಡು ಸಲ ಹೇಳಿದೆ.

ತೆರಿಗೆಯನ್ನೂ ಸೇರಿಸಿ ಅಂದೆ. ಅಪ್ಪನ ಕಾಲದ ಲೆಕ್ಕ ಈಗ ಹಾಗೇ ನಡೆಯುವುದಿಲ್ಲ. ಆಗ ಕಂಪನಿಯೇ ತೆರಿಗೆ ಕಟ್ಟಿ ಉಳಿದದ್ದನ್ನು ಹಂಚುತ್ತಿತ್ತು. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಮ್ಮ ಆದಾಯಕ್ಕೆ ಸೇರುತ್ತದೆ, ನಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತದೆ. ಐದನೇ ಒಂದು ಭಾಗ ತೆರಿಗೆಗೆ ಹೋದರೆ ಇಪ್ಪತ್ತು ವರ್ಷದ 1,638 ಇಳಿದು 1,485 ಆಗುತ್ತದೆ. ಟೀಚರ್ ಆ ಎರಡು ಅಂಕಿಗಳ ನಡುವೆ ಒಂದು ಗೆರೆ ಎಳೆದು, "ಪರವಾಗಿಲ್ಲ, ಇಷ್ಟಾದರೂ ಉಳಿಯುತ್ತಲ್ಲ" ಅಂದರು. ಅವರ ಮುಖದಲ್ಲಿ ನಗು ನೋಡಿದ್ದು ಅವತ್ತೇ ಮೊದಲು.

ಮುಚ್ಚಿಟ್ಟ ವಿಷಯಗಳು ಹೊರಗೆ ಬಂದದ್ದು ಆಮೇಲೆ. ಎರಡಿದ್ದವು.

ಒಂದು, 2023ರಲ್ಲಿ ಸಹೋದ್ಯೋಗಿಯೊಬ್ಬರು ವಾಟ್ಸಾಪ್ ಗುಂಪಿನಲ್ಲಿ ಬಂದ ಸುಳಿವು ತೋರಿಸಿ, ಈ ಕಂಪನಿ ಷೇರಿಗೆ 18 ರೂಪಾಯಿ ಡಿವಿಡೆಂಡ್ ಕೊಡುತ್ತಿದೆ, ನಾಳೆಯೊಳಗೆ ತಗೊಂಡರೆ ಸಿಗುತ್ತದೆ ಅಂದಿದ್ದರು. ಟೀಚರ್ 210ರಂತೆ 300 ಷೇರು ಕೊಂಡರು. 63,000 ರೂಪಾಯಿ, ಮಗಳ ಕಾಲೇಜಿಗೆ ಎತ್ತಿಟ್ಟದ್ದು. ಡಿವಿಡೆಂಡ್ ಬಂತು, 5,400. ಟಿಡಿಎಸ್‌ಗೆ, ಅಂದರೆ ಕಂಪನಿ ಮೊದಲೇ ಹಿಡಿದುಕೊಳ್ಳುವ ತೆರಿಗೆಗೆ, ಆಗಿನ ಮಿತಿ 5,000 ಆಗಿದ್ದರಿಂದ ಹತ್ತು ಪರ್ಸೆಂಟ್ ಕಳೆದು ಕೈಗೆ ಸಿಕ್ಕಿದ್ದು 4,860. ಆದರೆ ಷೇರಿನ ಬೆಲೆ ಮರುದಿನವೇ 193ಕ್ಕೆ ಇಳಿದಿತ್ತು. ಇದರಲ್ಲಿ ಮೋಸ ಏನೂ ಇಲ್ಲ. ಕಂಪನಿಯ ಗಲ್ಲಾಪೆಟ್ಟಿಗೆಯಿಂದ 18 ರೂಪಾಯಿ ಹೊರಗೆ ಹೋದರೆ ಕಂಪನಿಯ ಬೆಲೆ ಸುಮಾರು ಅಷ್ಟು ಕಡಿಮೆ ಆಗಲೇಬೇಕು. ಡಿವಿಡೆಂಡ್ ಅಂದರೆ ಮೇಲಿನಿಂದ ಸುರಿಯುವ ದುಡ್ಡಲ್ಲ. ನಮ್ಮದೇ ಪಾಲು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಬರುತ್ತದೆ, ದಾರಿಯಲ್ಲಿ ತೆರಿಗೆ ಕಳೆದುಕೊಂಡು. ಇನ್ನೂ ನೋವಿನ ಸಂಗತಿ ಅಂದರೆ, ಆ 18 ರೂಪಾಯಿ ಕಂಪನಿ ತನ್ನ ಜಾಗ ಮಾರಿದ ವರ್ಷ ಕೊಟ್ಟ ಒಂದು ಸಲದ ವಿಶೇಷ ಡಿವಿಡೆಂಡ್. ಮುಂದಿನ ವರ್ಷ ಬಂದದ್ದು 3 ರೂಪಾಯಿ. ನನ್ನ ಹತ್ತಿರ ಬಂದಾಗ ಷೇರಿನ ಬೆಲೆ 160.

ಇಂಥ ಕಥೆ ನನ್ನ ಕೋಣೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಡಿವಿಡೆಂಡ್ ಪ್ರಮಾಣ ತೀರಾ ಜಾಸ್ತಿ ಕಾಣುತ್ತಿದ್ದರೆ ಒಂದೋ ಅದು ಒಂದು ಸಲದ್ದು, ಇಲ್ಲ ಷೇರಿನ ಬೆಲೆ ಕುಸಿದಿರುವುದರಿಂದ ಹಾಗೆ ಕಾಣುತ್ತಿರುತ್ತದೆ. ಐದಾರು ವರ್ಷದ ಡಿವಿಡೆಂಡ್ ಪಟ್ಟಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ದಯವಿಟ್ಟು ಆ ಐದು ನಿಮಿಷ ಕೊಡಿ.

ಎರಡನೆಯದು ಸಾಲ. ಕಾಲೇಜಿಗೆ ಎತ್ತಿಟ್ಟ ದುಡ್ಡು ಸಿಕ್ಕಿಹಾಕಿಕೊಂಡಿತ್ತಲ್ಲ, ಫೀಸಿಗೆ ಪರಿಚಯದವರ ಹತ್ತಿರ 80,000 ಕೈಸಾಲ ಮಾಡಿದ್ದರು. ನೂರಕ್ಕೆ ಎರಡು ರೂಪಾಯಿ ಬಡ್ಡಿ. ಕೇಳಲು ಸಣ್ಣದು. ತಿಂಗಳಿಗೆ 1,600, ವರ್ಷಕ್ಕೆ 19,200. ಅಪ್ಪನ 24 ಲಕ್ಷ ಕೊಡುವ ಡಿವಿಡೆಂಡಿನಲ್ಲಿ ಮೂರನೇ ಒಂದು ಭಾಗ ಈ 80,000ದ ಬಡ್ಡಿಗೇ ಸರಿಹೋಗುತ್ತಿತ್ತು. ಗಂಡನಿಗೆ ಗೊತ್ತಿರಲಿಲ್ಲ. ಎರಡೂವರೆಗೆ ಎಚ್ಚರವಾಗುತ್ತಿದ್ದದ್ದು ಇದಕ್ಕೆ.

ಮೂರನೇ ಭೇಟಿಗೆ ಗಂಡನೂ ಬಂದರು. ಕೆಟ್ಟವರಲ್ಲ. ಅವರ ಆಸೆ ಒಂದೇ: ಷೇರೆಲ್ಲ ಮಾರಿ ಮೈಸೂರಿನ ಬೋಗಾದಿ ಕಡೆ ಒಂದು ಸೈಟು. "ಸೈಟಿನ ಮೇಲೆ ಹೋಗಿ ನಿಂತುಕೊಳ್ಳಬಹುದು ಮೇಡಂ, ಷೇರಿನ ಮೇಲೆ ನಿಲ್ಲಕ್ಕಾಗುತ್ತಾ?" ಅಂದರು. ನಮ್ಮ ಕಡೆ ಈ ಮಾತಿಗೆ ಎದುರು ಮಾತಾಡುವುದು ಕಷ್ಟ, ಸೈಟು ತಗೊಂಡು ಉದ್ಧಾರ ಆದವರನ್ನು ಎಲ್ಲರೂ ನೋಡಿದ್ದಾರೆ. ನಾನು ವಾದ ಮಾಡಲಿಲ್ಲ. ಪಂಚಾಂಗ ಅವರ ಕೈಗೆ ಕೊಟ್ಟೆ. ಮಾವನ ಅಕ್ಷರ ಅವರು ನೋಡಿದ್ದರು, ಈ ಸಾಲುಗಳನ್ನು ನೋಡಿರಲಿಲ್ಲ. ಬಹಳ ಹೊತ್ತು ಓದಿದರು. ಆಮೇಲೆ ಟೀಚರ್ ಕೈಸಾಲದ ಮಾತು ಹೇಳಿದರು. ಹತ್ತು ನಿಮಿಷ ಕೋಣೆ ಬಿಸಿಯಾಯಿತು. ಅದು ಆಗಬೇಕಿತ್ತು.

ನಾನು ಕೊಟ್ಟ ಸಲಹೆ ಹೀಗಿತ್ತು. ಯಾವ ಷೇರು ಕೊಳ್ಳಬೇಕು ಅಂತ ನಾನು ಹೇಳುವುದಿಲ್ಲ, ಅದು ನನ್ನ ಕೆಲಸವಲ್ಲ. ಅದಕ್ಕೆ ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯಲ್ಲಿ ನೋಂದಾಯಿಸಿಕೊಂಡ, ಫೀಸು ತಗೊಂಡು ಹೇಳುವ ಸಲಹೆಗಾರರನ್ನು ನೋಡಿ ಅಂದೆ. ದುಡ್ಡು ಮನೆಯೊಳಗೆ ಹೇಗೆ ಓಡಾಡಬೇಕು ಅನ್ನುವುದು ನನ್ನ ಕೆಲಸ.

ಮೊದಲು ಬಡ್ಡಿ ನಿಲ್ಲಿಸಿ. ವರ್ಷಕ್ಕೆ ನೂರಕ್ಕೆ 24 ಬಡ್ಡಿ ಕಟ್ಟುತ್ತಾ ಎರಡೂವರೆ ಡಿವಿಡೆಂಡನ್ನು ಮರುಹೂಡಿಕೆ ಮಾಡುವುದರಲ್ಲಿ ಅರ್ಥವಿಲ್ಲ, ಅಲ್ವಾ? ಸುಳಿವಿನ ಮೇಲೆ ಕೊಂಡ 300 ಷೇರು ಮಾರಿದರೆ 48,000 ಸಿಗುತ್ತದೆ, ಅದು ನೇರ ಸಾಲಕ್ಕೆ. ನಷ್ಟದಲ್ಲಿ ಮಾರಲು ಟೀಚರಿಗೆ ಸಂಕಟ. ಆ ನಷ್ಟವನ್ನು ಸಮಯಕ್ಕೆ ಸರಿಯಾಗಿ ರಿಟರ್ನ್ಸ್ ಸಲ್ಲಿಸಿ ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು, ಮುಂದೆ ಷೇರಿನಲ್ಲಿ ಲಾಭ ಬಂದಾಗ ತೆರಿಗೆ ಲೆಕ್ಕಕ್ಕೆ ಆ ಲಾಭದಿಂದ ಕಳೆಯಬಹುದು ಅಂದ ಮೇಲೆ ಒಪ್ಪಿದರು. ಉಳಿದ 32,000 ಬರುವ ಡಿವಿಡೆಂಡಿನಿಂದ.

ಆಮೇಲೆ ಖಾತೆ. ಇದೇ ಮುಖ್ಯ ಅಂತ ನನ್ನ ಅನುಭವ. ಟೀಚರ್ ಹೆಸರಿನಲ್ಲಿ ಬೇರೆ ಎಸ್‌ಬಿ ಖಾತೆ, ಯುಪಿಐ ಇಲ್ಲದ್ದು. ಷೇರುಗಳಿರುವ ಡಿಮ್ಯಾಟ್ ಖಾತೆಗೆ ಜೋಡಿಸಿದ ಬ್ಯಾಂಕ್ ಖಾತೆ ಬದಲಿಸಿದರೆ ಐದೂ ಕಂಪನಿಯ ಡಿವಿಡೆಂಡ್ ಅಲ್ಲಿಗೇ ಬರುತ್ತದೆ. ನಮ್ಮಲ್ಲಿ ಡಿವಿಡೆಂಡ್ ತಾನಾಗೇ ಷೇರಾಗಿ ಬದಲಾಗುವ ಏರ್ಪಾಟು ಸಾಮಾನ್ಯವಾಗಿ ಇಲ್ಲ, ಅರ್ಧ ಕಾಲು ಷೇರು ಕೊಳ್ಳಲೂ ಬರುವುದಿಲ್ಲ. ಹಾಗಾಗಿ 700, 900 ಹೀಗೆ ಬಂದದ್ದು ಒಂದು ಕಡೆ ಕೂಡಿಬೀಳಬೇಕು. ಅದಕ್ಕೊಂದು ಜಾಗ ಇಲ್ಲದಿದ್ದರೆ ಗ್ಯಾಸಿಗೆ ಹೋಗುತ್ತದೆ. ಮಾರ್ಚ್‌ಗೆ ವರ್ಷ ಮುಗಿಸುವ ಕಂಪನಿಗಳು ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ನಡೆಸಬೇಕು, ಘೋಷಿಸಿದ 30 ದಿನದಲ್ಲಿ ಡಿವಿಡೆಂಡ್ ಕೊಡಬೇಕು. ಆದ್ದರಿಂದ ವರ್ಷಕ್ಕೆ ಎರಡೇ ಸಲ ಕೊಳ್ಳಿ, ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ. ದಿನಾ ಬೆಲೆ ನೋಡುವ ಕೆಲಸ ಇಲ್ಲ.

ನೂರಕ್ಕೆ 80 ಮರುಹೂಡಿಕೆ, 20 ಖರ್ಚಿಗೆ. ಆ 20 ಮಾತ್ರ ಮನೆಯವರೆಲ್ಲ ಸೇರಿ, ಇದು ತಾತನ ದುಡ್ಡು ಅಂತ ಹೇಳಿಯೇ ಖರ್ಚು ಮಾಡಬೇಕು. ಲೆಕ್ಕದ ದೃಷ್ಟಿಯಿಂದ ಪೂರ್ತಿ ನೂರೂ ಹಾಕುವುದು ಒಳ್ಳೆಯದು, ನಿಜ. ಆದರೆ ಇಪ್ಪತ್ತು ವರ್ಷ ಯಾರಿಗೂ ಏನೂ ಸಿಗದ ಯೋಜನೆ ಮೂರನೇ ವರ್ಷಕ್ಕೆ ಮುರಿದುಬೀಳುವುದನ್ನು ನಾನು ನೋಡಿದ್ದೇನೆ.

ಮರುಹೂಡಿಕೆಯ ದುಡ್ಡನ್ನೆಲ್ಲ ಹಳೇ ಷೇರಿಗೇ ಹಾಕಬೇಡಿ ಅಂತಲೂ ಹೇಳಿದೆ. ಅವರ 24 ಲಕ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಕಂಪನಿಯಲ್ಲಿತ್ತು. ಅರ್ಧ ಭಾಗ ಐವತ್ತು ದೊಡ್ಡ ಕಂಪನಿಗಳ ಷೇರು ಕೊಳ್ಳುವ ನಿಫ್ಟಿ ಇಂಡೆಕ್ಸ್ ಫಂಡಿಗೆ ಹೋಗಲಿ, ಗ್ರೋಥ್ ಆಯ್ಕೆಯಲ್ಲಿ. ಅಲ್ಲಿ ಆ ಕಂಪನಿಗಳ ಡಿವಿಡೆಂಡ್ ಫಂಡಿಗೇ ಬಂದು, ಫಂಡೇ ಮತ್ತೆ ಷೇರು ಕೊಳ್ಳುತ್ತದೆ. ನಾವು ಮಾರುವವರೆಗೆ ನಮಗೆ ತೆರಿಗೆ ಇಲ್ಲ. 30 ಪರ್ಸೆಂಟ್ ಸ್ಲ್ಯಾಬಿನಲ್ಲಿರುವವರಿಗೆ ಡಿವಿಡೆಂಡ್ ಷೇರಿಗಿಂತ ಇದೇ ಮೇಲು ಅಂತ ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಟೀಚರ್ ವಿಷಯ ಬೇರೆ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇದೆ, ಸಂಬಳ ಡಿವಿಡೆಂಡ್ ಎರಡೂ ಸೇರಿ ಅವರು ಅದರೊಳಗೇ ಬರುತ್ತಾರೆ. ಟಿಡಿಎಸ್ ಮಿತಿಯೂ ಒಂದು ಕಂಪನಿಗೆ 10,000 ಆಗಿದೆ. ಕಡಿತವಾದದ್ದು ರಿಟರ್ನ್ಸ್ ಸಲ್ಲಿಸಿದರೆ ವಾಪಸ್ ಬರುತ್ತದೆ.

ಸೈಟಿನ ಆಸೆಗೆ ಗಂಡ ತಮ್ಮ ಸಂಬಳದಿಂದ ಬೇರೆ ಆರ್‌ಡಿ ಶುರು ಮಾಡಲಿ ಅಂದೆ. ಅವರು ಅರೆಮನಸ್ಸಿನಿಂದ ಒಪ್ಪಿದರು. ಈಗಲೂ ಭಾನುವಾರ ಬೋಗಾದಿ ಕಡೆ ಹೋಗಿ ಸೈಟು ನೋಡಿಕೊಂಡು ಬರುತ್ತಾರಂತೆ.

ಸಾಲ 2025ರ ಆಗಸ್ಟ್‌ನಲ್ಲಿ ತೀರಿತು. ಸೆಪ್ಟೆಂಬರ್ ಕೊನೆಗೆ ಹೊಸ ಖಾತೆಯಲ್ಲಿ ಉಳಿದದ್ದು 28,000. ಅದರಲ್ಲಿ 5,600 ಇಟ್ಟುಕೊಂಡು ದಸರಾ ರಜೆಯಲ್ಲಿ ಮೈಸೂರಿಗೆ ಬಂದು ಮಗಳಿಗೆ ಒಂದು ಸೀರೆ ಕೊಂಡರು, ಎಲ್ಲರೂ ಹೋಟೆಲಿನಲ್ಲಿ ಊಟ ಮಾಡಿದರು. 11,200 ಇಂಡೆಕ್ಸ್ ಫಂಡಿಗೆ. ಉಳಿದ 11,200ರಲ್ಲಿ 1,480ರಂತೆ 7 ಷೇರು ಬಂತು, 840 ಮಿಕ್ಕಿತು, ಅದು ಮಾರ್ಚ್‌ಗೆ. ಆ ಕಂಪನಿಯ ಬಗ್ಗೆ ಅಪ್ಪ ಬರೆದ ಕೊನೆಯ ಸಾಲು 2020ರದು, "ಈಗ 412" ಅಂತ. ಟೀಚರ್ ಈ ವರ್ಷದ ಪಂಚಾಂಗ ತಂದು ತೋರಿಸಿದರು. ಅಂಚಿನಲ್ಲಿ ಮಗಳ ಅಕ್ಷರ: "ಷೇರು 7 ತಗೊಂಡೆವು. ಈಗ 419."

ಒಂದು ಕೆಲಸ ಇನ್ನೂ ಬಾಕಿ ಇದೆ. ಬಿಸ್ಕತ್ತಿನ ಡಬ್ಬದಲ್ಲಿ ಆರನೇ ಕಂಪನಿಯ ಕಾಗದದ ಷೇರುಪತ್ರ ಸಿಕ್ಕಿದೆ. ಅಪ್ಪ ಒಂಟಿಕೊಪ್ಪಲಿನ ಬಾಡಿಗೆ ಮನೆ ಬಿಟ್ಟ ಮೇಲೆ ಡಿವಿಡೆಂಡ್ ವಾರಂಟ್‌ಗಳು, ಅಂದರೆ ಚೆಕ್ಕಿನಂಥ ಕಾಗದಗಳು, ಹಳೇ ವಿಳಾಸಕ್ಕೇ ಹೋಗುತ್ತಿದ್ದವು ಅಂತ ಕಾಣುತ್ತದೆ. ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದಿದ್ದರೆ ಆ ದುಡ್ಡಿನ ಜೊತೆ ಷೇರೂ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ, ಅಂದರೆ ಐಇಪಿಎಫ್‌ಗೆ. ವಾಪಸ್ ಪಡೆಯಲು ಐಇಪಿಎಫ್-5 ಅರ್ಜಿ ಹಾಕಬೇಕು, ಅದಕ್ಕೆ ಶುಲ್ಕ ಇಲ್ಲ. ವಾರಸುದಾರಿಕೆಯ ದಾಖಲೆಗಳನ್ನು ಕಂಪನಿಯ ನೋಡಲ್ ಅಧಿಕಾರಿಗೆ ಕಳಿಸಬೇಕು. ಕಮಿಷನ್ ಕೊಟ್ಟರೆ ಮಾಡಿಸಿಕೊಡುತ್ತೇನೆ ಅಂತ ಒಬ್ಬರು ಫೋನ್ ಮಾಡಿದ್ದರಂತೆ, ಬೇಡ ಅಂದಿದ್ದಾರೆ. ಮುಂದಿನ ಶನಿವಾರ ಉಯಿಲಿನ ಪ್ರತಿ, ಅಪ್ಪನ ಮರಣಪತ್ರ ಮತ್ತು ಆ ಡಬ್ಬ ತಗೊಂಡು ಬರುತ್ತಾರೆ.