ಲುಂಡ್‌ಗೆ ಸಂಶೋಧನೆಗಾಗಿ ಬರಲಿರುವ ದಾವಣಗೆರೆಯ ತಂಗಿಗೆ

ನಮ್ಮ ಊರಿನ ಇಂಜಿನಿಯರಿಂಗ್ ಕಾಲೇಜು ಬಿಐಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿ, ಬೆಂಗಳೂರಿನಲ್ಲಿ ಕೆಲಕಾಲ ಕೆಲಸ ಮಾಡಿ, ಈಗ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯ ದತ್ತಾಂಶ ಕುರಿತ ಪಿಎಚ್‌ಡಿ ಹುದ್ದೆಗೆ ಆಯ್ಕೆಯಾಗಿದ್ದೀರೆಂದು ತಿಳಿದು ದಾವಣಗೆರೆಯದೇ ಪಿ.ಜೆ. ಬಡಾವಣೆಯಲ್ಲಿ ಬೆಳೆದ ನನಗೆ ಬಹಳ ಸಂತೋಷವಾಯಿತು. ನೀವು ಕೇಳಿರುವುದು ಮೂರು ಮಾತು. ಎಲ್ಲವೂ ಕೃತಕ ಬುದ್ಧಿಮತ್ತೆಯ ಕೈಗೆ ಹೋಗುತ್ತಿರುವಾಗ ನಾಲ್ಕು ವರ್ಷ ಕಲಿತದ್ದು ಮುಗಿಸುವ ಹೊತ್ತಿಗೆ ಹಳೆಯದಾಗಿಬಿಡುವುದಿಲ್ಲವೇ. ಇಲ್ಲಿನ ಬದುಕು ಹೇಗಿದೆ. ಮತ್ತು ನಿಮ್ಮ ತಾಯಿಯವರು ಕೇಳುತ್ತಿರುವಂತೆ, ಇದರಿಂದ ಮುಂದೆ ನಮ್ಮ ಊರಿಗೆ ಏನಾದರೂ ಉಪಯೋಗವಿದೆಯೇ. ಅಕ್ಕ ಎಂದು ಕರೆದು ಕೇಳಿದ್ದೀರಿ, ಆದ್ದರಿಂದ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಸಿಗುವ ಮಾತುಗಳನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ಮೊದಲಿಗೆ ಹುದ್ದೆಯ ಸ್ವರೂಪ. ಸ್ವೀಡನ್ನಿನಲ್ಲಿ ಪಿಎಚ್‌ಡಿ ಎಂಬುದು ಬಹುಪಾಲು ನೌಕರಿಯೇ ಆಗಿರುತ್ತದೆ. ಶುಲ್ಕವಿಲ್ಲ, ತಿಂಗಳ ಸಂಬಳವಿದೆ, ತೆರಿಗೆ ಕಡಿತವಾಗುತ್ತದೆ, ವರ್ಷಕ್ಕೆ ಕನಿಷ್ಠ 25 ದಿನ ಸಂಬಳಸಹಿತ ರಜೆ ಕಾನೂನಿನ ಪ್ರಕಾರವೇ ದೊರೆಯುತ್ತದೆ. ಅವಧಿ ನಾಲ್ಕು ವರ್ಷ. ಪಾಠ ಹೇಳುವ ಕೆಲಸ ಸೇರಿದರೆ ಐದರವರೆಗೂ ಹೋಗುತ್ತದೆ. ಮಾರ್ಗದರ್ಶಕರನ್ನು ಹೆಸರು ಹಿಡಿದೇ ಕರೆಯಬೇಕು. ನಮ್ಮಲ್ಲಿ ಸರ್, ಮೇಡಂ ಎಂದು ರೂಢಿಯಾದ ನಾಲಿಗೆ ಮೊದಲ ಕೆಲವು ತಿಂಗಳು ತಡವರಿಸುತ್ತದೆ, ಅದರಿಂದ ಯಾರೂ ತಪ್ಪು ತಿಳಿಯುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಈ ಕ್ಷೇತ್ರದಲ್ಲಿ ಬೇಗ ಹಳೆಯದಾಗುವುದು ಮಾದರಿ, ಅಂದರೆ ದತ್ತಾಂಶ ನೋಡಿ ಕಲಿತು ತೀರ್ಮಾನ ಹೇಳುವ ಕಂಪ್ಯೂಟರ್ ವ್ಯವಸ್ಥೆ, ಕಟ್ಟುವ ತಂತ್ರ ಮಾತ್ರ. ಆ ಮಾದರಿಗೆ ಉಣಿಸಿದ ದತ್ತಾಂಶ ಎಲ್ಲಿಂದ ಬಂತು, ಯಾರು ಯಾವ ಗಡಿಬಿಡಿಯಲ್ಲಿ ಬರೆದಿಟ್ಟರು, ಅದರಲ್ಲಿ ಯಾರು ಇಲ್ಲವೇ ಇಲ್ಲ ಎಂಬುದನ್ನು ಅರಿಯುವ ವಿದ್ಯೆ ಹಳೆಯದಾಗುವುದಿಲ್ಲ. ಕೋವಿಡ್ ಕಾಲದ ಒಂದು ಉದಾಹರಣೆ ನೋಡಿ. ಎದೆಯ ಎಕ್ಸ್-ರೇ ಮತ್ತು ಸಿಟಿ ಚಿತ್ರಗಳಿಂದ ಕೋವಿಡ್ ಗುರುತಿಸುತ್ತೇವೆಂದು ಲೆಕ್ಕವಿಲ್ಲದಷ್ಟು ಪ್ರಬಂಧಗಳು ಬಂದವು. ಕೇಂಬ್ರಿಜ್ ವಿಶ್ವವಿದ್ಯಾಲಯದವರ ಮುಂದಾಳತ್ವದ ತಂಡವೊಂದು ಅಂಥ 2,212 ಅಧ್ಯಯನಗಳನ್ನು ಕಲೆಹಾಕಿ, ಜರಡಿ ಹಿಡಿದು, ಕೊನೆಗೆ ಉಳಿದ 62ನ್ನು ಕೂಲಂಕಷವಾಗಿ ಪರಿಶೀಲಿಸಿ, ಅವುಗಳಲ್ಲಿ ಒಂದೂ ಆಸ್ಪತ್ರೆಯಲ್ಲಿ ಬಳಸಲು ಯೋಗ್ಯವಲ್ಲವೆಂದು 2021ರಲ್ಲಿ ಪ್ರಕಟಿಸಿತು. ಹಲವರು ಕೋವಿಡ್ ಇಲ್ಲದವರ ಚಿತ್ರಗಳೆಂದು ಬಳಸಿದ್ದು ಒಂದರಿಂದ ಐದು ವರ್ಷದ ಮಕ್ಕಳ ಎಕ್ಸ್-ರೇಗಳನ್ನು, ಕೋವಿಡ್ ಇದ್ದವರ ಚಿತ್ರಗಳು ದೊಡ್ಡವರವು. ಹಾಗಿದ್ದ ಮೇಲೆ ಯಂತ್ರ ಮಕ್ಕಳ ಎದೆಗೂಡನ್ನೂ ದೊಡ್ಡವರ ಎದೆಗೂಡನ್ನೂ ಬೇರ್ಪಡಿಸಲು ಕಲಿತು, ರೋಗ ಗುರುತಿಸಿದಂತೆ ಅಂಕ ಗಳಿಸಬಹುದು. ಅಂಕ ನೋಡಿ ಬೀಗುವ ಮುನ್ನ ಚಿತ್ರಗಳ ಮೂಲ ಕೇಳಿದ್ದರೆ ಸಾಕಿತ್ತು.

ಇನ್ನೊಂದು, ನಮ್ಮ ಕಡೆಯವರು ವಿಶೇಷವಾಗಿ ತಿಳಿಯಬೇಕಾದದ್ದು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲಕ್ಕೆ ಆಗುವ ಹಾನಿಯನ್ನು ಚಿತ್ರದಿಂದ ಗುರುತಿಸುವ ಗೂಗಲ್ ತಂಡದ ಮಾದರಿ 2016ರಲ್ಲಿ ಹೆಸರು ಮಾಡಿತು. ಅದನ್ನು ಪಳಗಿಸಿದ್ದು 1,28,175 ಚಿತ್ರಗಳಿಂದ, ಅವುಗಳಲ್ಲಿ ಭಾರತದ ಕಣ್ಣಿನ ಆಸ್ಪತ್ರೆಗಳ ಚಿತ್ರಗಳೂ ಇದ್ದವು. ಮುಂದೆ ಅಂಥ ವ್ಯವಸ್ಥೆಯನ್ನು ಥಾಯ್ಲೆಂಡಿನ 11 ಕ್ಲಿನಿಕ್‌ಗಳಿಗೆ ಒಯ್ದಾಗ ಏನಾಯಿತೆಂಬುದನ್ನು ಅದೇ ಸಂಸ್ಥೆಯ ಸಂಶೋಧಕರು 2020ರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಮೊದಲ ಆರು ತಿಂಗಳಲ್ಲಿ ತೆಗೆದ 1,838 ಚಿತ್ರಗಳಲ್ಲಿ ಶೇ. 21ರಷ್ಟನ್ನು ಗುಣಮಟ್ಟ ಸಾಲದೆಂದು ಯಂತ್ರ ತಿರಸ್ಕರಿಸಿತು. ಕಣ್ಣಿನ ಚಿತ್ರ ಸರಿಯಾಗಿ ತೆಗೆಯಲು ಬೇಕಾದ ಕತ್ತಲೆ ಕೋಣೆ ಎಲ್ಲ ಕಡೆಯೂ ಇರಲಿಲ್ಲ, ಇಂಟರ್ನೆಟ್ ನಿಧಾನ, ದಾದಿಯರ ಮುಂದೆ ಸರದಿ ಬೆಳೆಯುತ್ತಿತ್ತು. ಚಿತ್ರ ತಿರಸ್ಕೃತವಾದ ರೋಗಿಗೆ ಇನ್ನೊಂದು ದಿನ ದೂರದ ತಜ್ಞರ ಬಳಿ ಹೋಗಿರೆಂದು ಹೇಳಬೇಕಾಗುತ್ತಿತ್ತು. ದಿನದ ಕೂಲಿ ಬಿಟ್ಟು ಬಂದವರಿಗೆ ಹೀಗೆ ಹೇಳಿದರೆ ಅವರು ಎರಡನೆಯ ಸಲ ಬರುವುದು ಅಷ್ಟರಲ್ಲೇ ಇದೆ. ಜಗಳೂರಿನ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಒಪಿಡಿ ಸಾಲಿನಲ್ಲಿ ನಿಲ್ಲುವವರನ್ನು ಕಂಡಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ನನ್ನ ಅನೇಕ ಸಹೋದ್ಯೋಗಿಗಳಿಗೆ ಹೇಳಬೇಕಾಗುತ್ತದೆ.

ಹಾಗೆಂದು ಎಲ್ಲವೂ ಪೊಳ್ಳೆಂದು ತಿಳಿಯಬೇಡಿ. ನೀವು ಬರಲಿರುವ ಈ ಸ್ಕೋನೆ ಪ್ರಾಂತದಲ್ಲೇ, ಲುಂಡ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ, ಸ್ತನ ಕ್ಯಾನ್ಸರ್ ತಪಾಸಣೆಯ ಮಾಸಾಯ್ ಎಂಬ ಪ್ರಯೋಗ ನಡೆಯಿತು. ಆಗಿನ ಪದ್ಧತಿಯಂತೆ ಪ್ರತಿ ಮ್ಯಾಮೊಗ್ರಾಮನ್ನು, ಅಂದರೆ ಸ್ತನದ ಎಕ್ಸ್-ರೇಯನ್ನು, ಇಬ್ಬರು ರೇಡಿಯಾಲಜಿಸ್ಟರು ಓದಬೇಕಿತ್ತು. ಚೀಟಿ ಎತ್ತಿದ ಹಾಗೆ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಚಿತ್ರಗಳಿಗೆ ಯಂತ್ರವು ಮೊದಲು ಅಪಾಯದ ಅಂಕ ಕೊಟ್ಟು, ಅತಿ ಹೆಚ್ಚು ಅಂಕ ಬಂದವನ್ನು ಮಾತ್ರ ಇಬ್ಬರು, ಉಳಿದವನ್ನು ಒಬ್ಬರು ಓದುವಂತೆ ಮಾಡಿದರು. 2023ರಲ್ಲಿ ಪ್ರಕಟವಾದ ಮಧ್ಯಂತರ ಫಲಿತಾಂಶ 80,033 ಮಹಿಳೆಯರದು: ಸಾವಿರಕ್ಕೆ 5.1ರ ಬದಲು 6.1 ಕ್ಯಾನ್ಸರ್ ಪತ್ತೆಯಾದವು, ಚಿತ್ರ ಓದುವ ಕೆಲಸ ಶೇ. 44.3ರಷ್ಟು ಇಳಿಯಿತು, ಕಾಯಿಲೆ ಇಲ್ಲದವರನ್ನು ಸುಮ್ಮನೆ ಮರಳಿ ಕರೆಸುವ ಪ್ರಮಾಣ ಏರಲಿಲ್ಲ. ವೈದ್ಯರನ್ನು ಹೊರಗಟ್ಟದೆ, ಅವರ ಕಣ್ಣು ಎಲ್ಲಿ ಹೆಚ್ಚು ಬೇಕೋ ಅಲ್ಲಿಗೆ ತಿರುಗಿಸಿದ್ದರಿಂದ ಇದು ಸಾಧ್ಯವಾಯಿತೆಂಬುದು ನನ್ನ ತಿಳಿವಳಿಕೆ. ನೀವು ಬಂದು ಕಲಿಯಬೇಕಾದದ್ದು ಈ ಬಗೆಯ ಸಾವಧಾನವನ್ನು.

ಸಾವಧಾನವೆಂದೆ, ಅದರ ಇನ್ನೊಂದು ಮುಖ ಕಾಯುವುದು. ಸ್ವೀಡನ್ನಿನಲ್ಲಿ ಒಂದು ವರ್ಷವಾದರೂ ನೆಲೆಸುವ ಪ್ರತಿಯೊಬ್ಬರಿಗೂ ವ್ಯಕ್ತಿ ಸಂಖ್ಯೆಯೊಂದು ಸಿಗುತ್ತದೆ. ಹುಟ್ಟಿದ ದಿನಾಂಕ, ಅದರ ಹಿಂದೆ ನಾಲ್ಕು ಅಂಕಿ, ಕೊನೆಯದು ತಾಳೆ ನೋಡುವ ಅಂಕಿ. 1947ರಿಂದ ಇರುವ ಈ ಸಂಖ್ಯೆಯೇ ಇಲ್ಲಿನ ವೈದ್ಯಕೀಯ ಸಂಶೋಧನೆಯ ಬೆನ್ನೆಲುಬು. ಒಬ್ಬ ವ್ಯಕ್ತಿಯ ಔಷಧ, ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಮರಣ ಎಲ್ಲವನ್ನೂ ಅದರಿಂದ ಜೋಡಿಸಬಹುದು. 1975ರಲ್ಲಿ ಲುಂಡಿನಲ್ಲೇ ಆರಂಭವಾದ ಮಂಡಿಗೆ ಕೃತಕ ಕೀಲು ಜೋಡಿಸುವ ಶಸ್ತ್ರಚಿಕಿತ್ಸೆಯ ದಾಖಲೆ ಪುಸ್ತಕದಿಂದ, ಯಾವ ಕೃತಕ ಕೀಲು ಬೇಗ ಕೆಡುತ್ತದೆಂದು ದೇಶವೇ ತಿಳಿದುಕೊಂಡಿತು. ಅಷ್ಟು ಬಲವಾದ ಕೀಲಿಕೈ ಇರುವುದರಿಂದಲೇ ಕಾವಲೂ ಬಿಗಿ. ನೈತಿಕ ಪರಿಶೀಲನಾ ಪ್ರಾಧಿಕಾರದ ಅನುಮತಿ ಬೇಕು. ಅದು ಬಂದ ಮೇಲೂ ದತ್ತಾಂಶ ಹೊಂದಿರುವ ಪ್ರತಿ ಕಚೇರಿ ಗೋಪ್ಯತೆಯನ್ನು ತಾನೇ ಮತ್ತೊಮ್ಮೆ ತೂಗಿ ನೋಡುತ್ತದೆ. ದೇಶದಲ್ಲಿ ಆರೋಗ್ಯ ಸೇವೆ ನಡೆಸುವ ಪ್ರಾಂತಗಳು 21, ಅವುಗಳ ದಾಖಲೆ ವ್ಯವಸ್ಥೆಗಳು ಒಂದೇ ಅಲ್ಲ. ಅರ್ಜಿಯಲ್ಲಿ ದತ್ತಾಂಶದ ಯಾವ ಅಂಕಣ, ಯಾವ ಉದ್ದೇಶಕ್ಕೆ, ಎಷ್ಟು ವರ್ಷದ್ದು ಎಂದು ಒಂದೊಂದಾಗಿ ಸಮರ್ಥಿಸಬೇಕು. "ಮುಂದೆ ಬೇಕಾಗಬಹುದು" ಎಂಬ ಕಾರಣಕ್ಕೆ ಯಾರೂ ಕೊಡುವುದಿಲ್ಲ. ಈ ಕಾಯುವಿಕೆಯಿಂದ ಬೇಸತ್ತು ಊರಿಗೆ ಮರಳಿದ ಹುಡುಗರನ್ನು ಬಲ್ಲೆ. ಆದರೆ 2020ರ ಮೇ 22ರಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ, 96,032 ರೋಗಿಗಳ ದತ್ತಾಂಶವಿದೆಯೆಂದು ಹೇಳಿಕೊಂಡ, ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ಮಲೇರಿಯಾ ಔಷಧ ಹೈಡ್ರಾಕ್ಸಿಕ್ಲೋರೊಕ್ವಿನ್ ಕುರಿತ ಪ್ರಬಂಧ, ಮೂಲ ದತ್ತಾಂಶವನ್ನು ಪರಿಶೀಲನೆಗೆ ಕೊಡಲಾಗದೆ ಜೂನ್ 4ರಂದು ಹಿಂದಕ್ಕೆ ಸರಿದದ್ದನ್ನು ನೆನೆದರೆ ಈ ಕಾವಲಿನ ಬೆಲೆ ತಿಳಿಯುತ್ತದೆ.

ಬದುಕಿನ ಮಾತಿಗೆ ಬಂದರೆ, ಅದೇ ವ್ಯಕ್ತಿ ಸಂಖ್ಯೆ ಕೈಗೆ ಬರುವವರೆಗೆ ಬ್ಯಾಂಕ್ ಖಾತೆ ತೆರೆಯುವುದು ಕಷ್ಟ, ಮೊಬೈಲಿನಲ್ಲಿ ಗುರುತು ತೋರಿಸುವ ಬ್ಯಾಂಕ್‌ಐಡಿ ಇಲ್ಲ, ಅದಿಲ್ಲದೆ ನಿಮ್ಮದೇ ವೈದ್ಯಕೀಯ ದಾಖಲೆಯನ್ನೂ ಜಾಲದಲ್ಲಿ ತೆರೆದು ನೋಡಲಾಗದು. ಆದ್ದರಿಂದ ಬಂದ ವಾರವೇ ತೆರಿಗೆ ಕಚೇರಿಗೆ ಹೋಗಿ ಅರ್ಜಿ ಕೊಡಿ. ಮನೆ ಸಿಗುವುದು ಕಷ್ಟ, ಹುಡುಕಾಟ ಇಂದೇ ಆರಂಭವಾಗಲಿ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಜ್ವರ ಬಂದರೆ ನಮ್ಮ ಊರಿನಲ್ಲಿ ಕ್ಲಿನಿಕ್‌ಗೆ ನಡೆದುಹೋಗಿ ಸಂಜೆಯೊಳಗೆ ಔಷಧ ತಂದಂತೆ ಇಲ್ಲಿ ಆಗುವುದಿಲ್ಲ. ಆರೋಗ್ಯ ಸಲಹೆಯ ಸಹಾಯವಾಣಿ 1177ಕ್ಕೆ ಕರೆ ಮಾಡಿದರೆ ದಾದಿ ಸಮಾಧಾನದಿಂದ ಎಲ್ಲ ಕೇಳಿ, ಪ್ಯಾರಾಸಿಟಮಾಲ್ ತೆಗೆದುಕೊಂಡು ವಿಶ್ರಾಂತಿ ಪಡೆಯಿರಿ ಎನ್ನುವುದೇ ಹೆಚ್ಚು. ಚಕ್ಕುಲಿ, ಚಟ್ನಿಪುಡಿ ತನ್ನಿ. ಬೆಣ್ಣೆದೋಸೆಯ ವಿಚಾರ ಇಲ್ಲಿ ಎತ್ತದಿರುವುದೇ ಒಳ್ಳೆಯದು.

ಭಾಷೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರಯೋಗಾಲಯ ಇಂಗ್ಲಿಷಿನಲ್ಲಿ ನಡೆಯುತ್ತದೆ, ಕೇಸ್ ಶೀಟ್ ಸ್ವೀಡಿಷಿನಲ್ಲಿರುತ್ತದೆ. ರಾತ್ರಿ ಪಾಳಿಯ ದಾದಿ ಅವಸರದಲ್ಲಿ ಬರೆದ ಅರ್ಧ ಸಾಲನ್ನು ಓದಲಾಗದವರು, ಯಂತ್ರ ಆ ಸಾಲಿಗೆ ಕೊಟ್ಟ ಅರ್ಥ ಸರಿಯೋ ತಪ್ಪೋ ಎಂದು ಹೇಗೆ ತೀರ್ಮಾನಿಸುತ್ತಾರೆ? ವಲಸಿಗರಿಗೆ ಸರ್ಕಾರ ನಡೆಸುವ ಸ್ವೀಡಿಷ್ ತರಗತಿ ಉಚಿತ. ಮೊದಲ ವರ್ಷವೇ ಸೇರಿಕೊಳ್ಳಿ.

ನಿಮ್ಮ ತಾಯಿಯವರ ಪ್ರಶ್ನೆ ನಿಮ್ಮ ಪ್ರಶ್ನೆಗಿಂತ ಗಟ್ಟಿಯಾದದ್ದು. ದಾವಣಗೆರೆಯಲ್ಲಿ ಆಸ್ಪತ್ರೆಗಳಿಗೂ ವೈದ್ಯಕೀಯ ಕಾಲೇಜುಗಳಿಗೂ ಕೊರತೆಯಿಲ್ಲ. ಜೆಜೆಎಂ 1965ರಿಂದ ನಡೆಯುತ್ತಿದೆ, ಸುತ್ತಲ ತಾಲ್ಲೂಕುಗಳ ಜನ ಚಿಕಿತ್ಸೆಗೆ ಬರುವುದೇ ಅಲ್ಲಿಗೆ. ಆದರೆ ರೋಗಿಯ ಚರಿತ್ರೆ ಇರುವುದು ಅವರು ಕಂಕುಳಲ್ಲಿ ಹಿಡಿದು ತರುವ ಪ್ಲಾಸ್ಟಿಕ್ ಕವರಿನಲ್ಲಿ: ಒಂದು ಆಸ್ಪತ್ರೆಯ ಸ್ಕ್ಯಾನ್, ಇನ್ನೊಂದರ ರಕ್ತ ಪರೀಕ್ಷೆ, ಔಷಧಿ ಅಂಗಡಿಯ ಬಿಲ್ಲು. 2021ರಲ್ಲಿ ಘೋಷಣೆಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ಆಭಾ ಸಂಖ್ಯೆ ಇವನ್ನೆಲ್ಲ ಜೋಡಿಸಲು ಹೊರಟಿದೆ. ಜೋಡಿಸಿದ ಮೇಲೆ ಅದರಿಂದ ಮಾದರಿ ಕಟ್ಟುವವರು ಬಂದೇ ಬರುತ್ತಾರೆ, ಆಗ ಅಮೆರಿಕದಲ್ಲಿ ಆದದ್ದು ತಿಳಿದವರು ಊರಿನಲ್ಲಿ ಇರಬೇಕು. ಅಲ್ಲಿ ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ಆರಿಸುವ ವ್ಯವಸ್ಥೆಯೊಂದು, ಕಾಯಿಲೆಯ ಬದಲು ಚಿಕಿತ್ಸೆಗೆ ಆದ ಖರ್ಚನ್ನು ಅಳತೆಗೋಲಾಗಿ ಇಟ್ಟುಕೊಂಡಿತ್ತು. ಕಪ್ಪು ಜನರ ಮೇಲೆ ಆಗುತ್ತಿದ್ದ ಖರ್ಚು ಕಡಿಮೆ, ಆದ್ದರಿಂದ ಅವರು ಹೆಚ್ಚು ಆರೋಗ್ಯವಂತರೆಂದು ಯಂತ್ರ ತೀರ್ಮಾನಿಸಿತು. ಅಳತೆಗೋಲಿನ ಆ ದೋಷ ಸರಿಪಡಿಸಿದರೆ ಆಯ್ಕೆಯಾಗುವವರಲ್ಲಿ ಅವರ ಪಾಲು ಶೇ. 17.7ರಿಂದ ಶೇ. 46.5ಕ್ಕೆ ಏರುತ್ತದೆಂದು ಒಬರ್ಮೈಯರ್ ಮತ್ತು ಸಂಗಡಿಗರು 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದರು. ದುಡ್ಡಿಲ್ಲದೆ ಆಸ್ಪತ್ರೆಯ ಮೆಟ್ಟಿಲು ಹತ್ತದವರು ದಾಖಲೆಯಲ್ಲಿ ಗಟ್ಟಿಮುಟ್ಟಾಗಿ ಕಾಣುತ್ತಾರೆಂಬುದು ನಮ್ಮ ಜಿಲ್ಲೆಗೂ ಅಷ್ಟೇ ನಿಜ.

ಹೊರಡುವ ಮುನ್ನ ಎರಡು ಕೆಲಸ ಮಾಡಿ. ಬಾಸ್ಟನ್ನಿನ ಆಸ್ಪತ್ರೆಯೊಂದರ ದಾಖಲೆಗಳಿಂದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ರೂಪಿಸಿರುವ ಮಿಮಿಕ್ ಎಂಬ ರೋಗಿಗಳ ದತ್ತಾಂಶವನ್ನು, ಸಂಶೋಧನಾ ನೀತಿಯ ಆನ್‌ಲೈನ್ ತರಬೇತಿ ಮುಗಿಸಿ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಉಚಿತವಾಗಿ ಕೊಡುತ್ತಾರೆ. ಮೊದಲನೆಯದಾಗಿ, ಅದನ್ನು ಪಡೆದು ಅಭ್ಯಾಸ ಮಾಡಿ. ತೆರೆದರೆ ರೋಗಿಗಳು 2150ರ ಆಸುಪಾಸಿನಲ್ಲಿ ದಾಖಲಾದಂತೆ ಕಾಣುತ್ತದೆ. ಗಾಬರಿಯಾಗಬೇಡಿ, ಗುರುತು ಸಿಗದಿರಲೆಂದು ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಅಂತರ ಇಟ್ಟು, ಆ ರೋಗಿಯ ದಿನಾಂಕಗಳನ್ನೆಲ್ಲ ಅಷ್ಟೇ ಅಂತರದಿಂದ ಮುಂದಕ್ಕೆ ಸರಿಸಿರುತ್ತಾರೆ. ಎರಡನೆಯದಾಗಿ, ನಿಮ್ಮ ಮಾರ್ಗದರ್ಶಕರಿಗೆ ಈಗಲೇ ಪತ್ರ ಬರೆದು, ನಿಮ್ಮ ಯೋಜನೆಗೆ ಬೇಕಾದ ನೈತಿಕ ಅನುಮತಿ ಬಂದಿದೆಯೇ, ದತ್ತಾಂಶ ಕೈಸೇರಿದೆಯೇ ಎಂದು ನೇರವಾಗಿ ಕೇಳಿ. ಇಲ್ಲಿ ಅಂಥ ಪ್ರಶ್ನೆಯನ್ನು ಉದ್ಧಟತನವೆಂದು ಯಾರೂ ತಿಳಿಯುವುದಿಲ್ಲ. ಬಂದಿಲ್ಲವೆಂದರೆ, ಮೊದಲ ವರ್ಷ ಮಾಡಲು ಬೇರೆ ದತ್ತಾಂಶದ ಮೇಲೆ ಒಂದು ಕೆಲಸವನ್ನು ಅಧ್ಯಯನ ಯೋಜನೆಯಲ್ಲೇ ಬರೆಸಿಕೊಂಡು, ಆಮೇಲೆ ವಿಮಾನದ ಟಿಕೆಟ್ ಮಾಡಿಸಿ.